ಮೋಹನದೊಳಗೆ ನಿಷಾದ ಹೊಕ್ಕಿದ್ದು ಹೇಗೆ?

ಪ್ರಶ್ನೆ: ನಾವು ಶಿವಮೊಗ್ಗದ ಒಂದು ಬಡಾವಣೆಯವರು. ಏಳು ವರ್ಷದ ಹಿಂದೆ ಮಹಿಳಾ ಭಜನಾ ಮಂಡಳಿಯಾಗಿ ಶುರುವಾದದ್ದು ಈಗ 19 ಹೆಂಗಸರು, 9 ಗಂಡಸರು ಇರುವ ಗಾಯನವೃಂದವಾಗಿದೆ. ದಾಸರ ಪದ, ವಚನ, ಭಾವಗೀತೆ, ಸೋಬಾನೆ ಎಲ್ಲವನ್ನೂ ಹಾಡುತ್ತೇವೆ. ಹೋದ ವರ್ಷ ಬೆಂಗಳೂರಿನಲ್ಲಿ ಕಾಯರ್‌ನಲ್ಲಿ ಹಾಡಿ ಅಭ್ಯಾಸವಿದ್ದ ಒಬ್ಬ ಸೊಸೆ, ಕೀಬೋರ್ಡ್ ಕಲಿತ ಒಬ್ಬ ಹುಡುಗ ಬಂದು ಸೇರಿದರು. ನಾಲ್ಕು ದನಿಯಲ್ಲಿ ಹಾರ್ಮೊನಿ ಮಾಡೋಣ, ಹೊಸ ಹಾಡೂ ಕಟ್ಟೋಣ ಎಂಬುದು ಅವರ ಆಸೆ. ಮೋಹನ ರಾಗದ ಒಂದು ದಾಸರ ಪದವನ್ನು ಹಾಗೆ ಹಾಡಿ ನೋಡಿದೆವು. ಹಿರಿಯರು "ರಾಗ ಕೆಟ್ಟಿತು, ಸಿನಿಮಾ ಹಾಡಾಯಿತು" ಎಂದು ಎದ್ದೇ ಹೋದರು. ಜೊತೆಗೆ ಶ್ರುತಿಯ ಜಗಳ ಬೇರೆ: ಗಂಡಸರಿಗೆ ಸರಿಹೋದದ್ದು ಹೆಂಗಸರಿಗೆ ಎಟುಕುವುದಿಲ್ಲ. ನವೆಂಬರ್‌ನಲ್ಲಿ ರಾಜ್ಯೋತ್ಸವಕ್ಕೆ ಅರ್ಧ ಗಂಟೆಯ ಕಾರ್ಯಕ್ರಮ ಒಪ್ಪಿಕೊಂಡಿದ್ದೇವೆ. ಹಳೆಯದನ್ನೂ ಹೊಸದನ್ನೂ ಬೆರೆಸಬಹುದೇ, ಇಲ್ಲ ಬೇರೆ ಬೇರೆ ಇಟ್ಟುಬಿಡಬೇಕೇ?

ಉತ್ತರ: ನಮಸ್ಕಾರ. ರಾಗದ ಹೆಸರು ಬರೆದು ನನ್ನ ಅರ್ಧ ಕೆಲಸ ಉಳಿಸಿದಿರಿ. ನಿಮ್ಮ ಹುಡುಗ ಕೀಬೋರ್ಡಿನಲ್ಲಿ ಏನು ನುಡಿಸಿರಬೇಕು ಎಂಬುದನ್ನು ನಾನು ಇಲ್ಲಿಂದಲೇ ಹೇಳಬಲ್ಲೆ. ಪಲ್ಲವಿ ಮುಗಿದು ಷಡ್ಜಕ್ಕೆ (ಸ) ಮರಳುವ ಜಾಗದಲ್ಲಿ ಅವನು ಪ-ನಿ-ರಿ ಮೂರನ್ನೂ ಒಟ್ಟಿಗೆ ಒತ್ತಿರುತ್ತಾನೆ. ಪಾಶ್ಚಾತ್ಯ ಸಂಗೀತ ಕಲಿತವರ ಬೆರಳು ತಾನಾಗಿಯೇ ಹೋಗಿ ಕೂರುವ ಜಾಗ ಅದು. ಅವರ ಪದ್ಧತಿಯಲ್ಲಿ ಹಾಡು ಮನೆಗೆ ಮರಳುವುದು ಆ ಬಾಗಿಲಿನಿಂದಲೇ. ಆದರೆ ಮೋಹನದಲ್ಲಿರುವುದು ಸ ರಿ ಗ ಪ ದ, ಐದೇ ಸ್ವರ. ಅಲ್ಲಿ ನಿ, ಅಂದರೆ ನಿಷಾದವಿಲ್ಲ. ನಡುವೆ ಎಲ್ಲಾದರೂ ಮ-ದ-ಸ ಒತ್ತಿದ್ದರೆ ಇಲ್ಲದ ಮಧ್ಯಮವೂ ಬಂದು ಕೂತಿರುತ್ತದೆ. ಹಾಡುವವರು ಮೋಹನವನ್ನೇ ಹಾಡುತ್ತಿದ್ದರೂ ಕೇಳುವವರಿಗೆ ಹಿಂದಿನಿಂದ ಏಳೂ ಸ್ವರದ ಶಂಕರಾಭರಣ ಕೇಳಿಸುತ್ತಿರುತ್ತದೆ. ಹಿರಿಯರ ಕಿವಿಗೆ ಚುಚ್ಚಿದ್ದು ಹಾರ್ಮೊನಿಯಲ್ಲ, ಕರೆಯದೆ ಬಂದ ಆ ನಿಷಾದ. ಅವರಿಗೆ ಅದನ್ನು ಹೆಸರಿಟ್ಟು ಹೇಳಲು ಆಗಿಲ್ಲ, ಅಷ್ಟೇ.

ಹಾಗಾಗಿ ಬೆರೆಸಬಹುದೇ ಎಂಬ ಪ್ರಶ್ನೆಗೆ ನನ್ನ ಉತ್ತರ ಇದು: ಬೆರೆಸಬಹುದು, ಆದರೆ ಎರಡನೇ ದನಿಯನ್ನು ಹೊರಗಿನಿಂದ ತಂದು ಹಾಡಿಗೆ ಅಂಟಿಸಬೇಡಿ. ರಾಗದ ಒಳಗಿನಿಂದಲೇ ತೆಗೆಯಿರಿ.

ಮೋಹನದಲ್ಲೇ ತೋರಿಸುತ್ತೇನೆ. ಮುಖ್ಯ ದನಿ ಹಾಡುತ್ತಿರುವ ಸ್ವರದಿಂದ ಕೆಳಗೆ ರಾಗದ ಒಂದು ಸ್ವರ ಬಿಟ್ಟು ಅದರ ಮುಂದಿನದನ್ನು ಎರಡನೇ ದನಿಗೆ ಕೊಡಿ. ಮೇಲೆ ತಾರ (ಮೇಲಿನ ಸ್ಥಾಯಿಯ) ಸ ಇದ್ದಾಗ ಕೆಳಗೆ ಪ. ದ ಇದ್ದಾಗ ಗ. ಪ ಇದ್ದಾಗ ರಿ. ಗ ಇದ್ದಾಗ ಸ. ರಿ ಇದ್ದಾಗ ಮಂದ್ರ (ಕೆಳಗಿನ ಸ್ಥಾಯಿಯ) ದ. ಕೂಡಿ ಹಾಡಿ ನೋಡಿ. ಗ-ಸ ಒಂದು ಜೋಡಿ ಬಿಟ್ಟರೆ ಉಳಿದವುಗಳ ನಡುವೆ ಷಡ್ಜ-ಮಧ್ಯಮದಷ್ಟು ಅಂತರ ಬರುತ್ತದೆ. ಒಂದೂ ಅನ್ಯಸ್ವರವಿಲ್ಲ, ಆದರೂ ಹಾಡಿಗೆ ಎರಡು ಅಂತಸ್ತು ಬಂದಿರುತ್ತದೆ. ಕೀಬೋರ್ಡಿನ ಹುಡುಗನಿಗೆ ಕಾರ್ಡ್ (ಒಟ್ಟಿಗೆ ಒತ್ತುವ ಮೂರು ಸ್ವರದ ಗುಚ್ಛ) ಬೇಕೇ ಬೇಕು ಎಂದರೆ ಮೋಹನ ಅವನಿಗೆ ಎರಡನ್ನು ಕೊಡುತ್ತದೆ: ಸ-ಗ-ಪ ಮತ್ತು ದ-ಸ-ಗ. ಎರಡೇ ಎರಡು. ಅಷ್ಟರಲ್ಲೇ ಸಂಸಾರ ಮಾಡಲು ಹೇಳಿ, ಜಾಣನಾಗಿದ್ದರೆ ಅವನಿಗೆ ಅದೇ ಖುಷಿ ಕೊಡುತ್ತದೆ.

ಮೋಹನಕ್ಕೆ ಇನ್ನೊಂದು ಅನುಕೂಲವಿದೆ. ಅಕ್ಕಪಕ್ಕದ ಯಾವ ಎರಡು ಸ್ವರವೂ ಅರ್ಧ ಸ್ವರದಷ್ಟು ಹತ್ತಿರವಿಲ್ಲ. ಅದಕ್ಕೇ ಅಲ್ಲಿ ಒಂದು ಗುಂಪಿನ ಬಾಲ ಹಿಡಿದು ಇನ್ನೊಂದು ಗುಂಪು ಹೊರಡಬಹುದು. ಆದಿತಾಳದಲ್ಲಿ ಮೊದಲ ಗುಂಪು ಪಲ್ಲವಿ ಎತ್ತಿದ ನಾಲ್ಕು ಎಣಿಕೆಯ ನಂತರ ಎರಡನೇ ಗುಂಪು ಅದೇ ಪಲ್ಲವಿಯನ್ನು ಎತ್ತಲಿ. ಕೆಲವು ಕಡೆ ರಿ-ಗ ಒಟ್ಟಿಗೆ ಬಂದು ಸ್ವಲ್ಪ ಖಾರವಾಗುತ್ತದೆ, ಆದರೆ ಅದು ಸಾಸಿವೆ ಒಗ್ಗರಣೆಯಷ್ಟು. ನಾಲಗೆ ಸುಡುವುದಿಲ್ಲ.

ಈ ಪಾಠವನ್ನು ನಾನೂ ಮುಖಭಂಗ ಮಾಡಿಕೊಂಡೇ ಕಲಿತದ್ದು. ನಾನು ಬೆಳೆದದ್ದು ಧಾರವಾಡದಲ್ಲಿ. ಅಪ್ಪ ಚರ್ಚಿನಲ್ಲಿ ಬೇಸ್, ಅಂದರೆ ಎಲ್ಲಕ್ಕಿಂತ ಕೆಳಗಿನ ದನಿಯಲ್ಲಿ ಹಾಡುತ್ತಿದ್ದರು, ನಾನು ಅಲ್ಲಿ ಹಾಡುತ್ತಲೇ ಇನ್ನೊಂದು ಕಡೆ ಕರ್ನಾಟಕ ಸಂಗೀತ ಕಲಿತೆ. ಎರಡೂ ಗೊತ್ತೆಂಬ ಜಂಬದಲ್ಲಿ ಒಮ್ಮೆ ಹಿಂದೋಳದ ಒಂದು ಹಾಡಿಗೆ ನಾಲ್ಕು ದನಿ ಬರೆದು ಮೂವತ್ತು ಜನರಿಂದ ಹಾಡಿಸಿದೆ. ಹಿಂದೋಳದಲ್ಲಿ ಪಂಚಮವಿಲ್ಲ, ತಂಬೂರಿಯನ್ನೂ ಸ-ಮ ಶ್ರುತಿಗೆ ಇಟ್ಟಿದ್ದೆ. ಆದರೆ ಬೇಸ್ ದನಿಗೆ ಬರೆಯುವಾಗ ಕೈ ಅಭ್ಯಾಸಬಲದಿಂದ ಸ-ಪ-ಸ ಎಂದು ಬರೆದುಬಿಟ್ಟಿತ್ತು. ಮುಂದಿನ ಸಾಲಿನಲ್ಲಿ ಕೂತಿದ್ದ ನಮ್ಮ ಸಂಗೀತದ ಮೇಷ್ಟ್ರು ಕಾರ್ಯಕ್ರಮ ಮುಗಿದ ಮೇಲೆ ಕೇಳಿದ್ದು ಒಂದೇ ಮಾತು: "ಆ ಪಂಚಮ ಯಾರ ಮನೆಯದಪ್ಪಾ?"

ಹಿರಿಯರೊಂದಿಗೆ ಕೂತು ಮಾತನಾಡುವಾಗ ನಿಮಗೆ ಇನ್ನೊಂದು ವಿಷಯ ತಿಳಿದಿರಲಿ. ನೀವು ಹಳೆಯದು ಎನ್ನುವುದೆಲ್ಲ ಅಷ್ಟು ಹಳೆಯದಲ್ಲ. ಪುರಂದರದಾಸರು ತೀರಿಕೊಂಡದ್ದು 1564ರಲ್ಲಿ. ಅವರು ಹಾಡಿದ ಮಟ್ಟುಗಳಲ್ಲಿ ಬಹುಪಾಲು ನಮಗೆ ಉಳಿದಿಲ್ಲ, ಉಳಿದದ್ದು ಸಾಹಿತ್ಯ. ಇವತ್ತು ನಾವು ಹಾಡುವ ಧಾಟಿಗಳಲ್ಲಿ ಎಷ್ಟೋ ಕಳೆದ ನೂರು ವರ್ಷದಲ್ಲಿ ಹಾಡುಗಾರರು ಕೂಡಿಸಿಕೊಂಡಂಥವು. ವಚನಗಳಂತೂ ತಾಳಕ್ಕೆ ಕಟ್ಟಿ ಬರೆದವೇ ಅಲ್ಲ. ಮುತ್ತುಸ್ವಾಮಿ ದೀಕ್ಷಿತರು ಈಸ್ಟ್ ಇಂಡಿಯಾ ಕಂಪನಿಯ ಬ್ಯಾಂಡಿನವರು ನುಡಿಸುತ್ತಿದ್ದ ಮಟ್ಟುಗಳಿಗೆ ಸಂಸ್ಕೃತದಲ್ಲಿ ಸಾಹಿತ್ಯ ಕೊಟ್ಟರು, ಬ್ರಿಟಿಷರ ರಾಷ್ಟ್ರಗೀತೆಯ ಮಟ್ಟನ್ನೂ ಬಿಡಲಿಲ್ಲ. ಅಂಥ ನೋಟುಸ್ವರಗಳು ಸುಮಾರು 40 ಇವೆ. ಅವೆಲ್ಲ ಶಂಕರಾಭರಣದ ಸ್ವರಗಳಲ್ಲೇ ಇರುವುದನ್ನು ಗಮನಿಸಿ. ಪಾಶ್ಚಾತ್ಯ ಮಟ್ಟು ನಮ್ಮ ಯಾವ ಮನೆಯಲ್ಲಿ ಹೊಂದಿಕೊಂಡು ಇರಬಲ್ಲದು ಎಂದು ಅವರಿಗೆ ಗೊತ್ತಿತ್ತು. ನಿಮ್ಮ ಹುಡುಗನಿಗೂ ನಾನು ಹೇಳುವುದು ಅದನ್ನೇ. ಪೂರ್ತಿ ಕಾರ್ಡ್ ಹಾಕಿ ಆಡುವ ಆಸೆ ಇದ್ದರೆ ಶಂಕರಾಭರಣ, ನಟಭೈರವಿ, ಕೀರವಾಣಿಯ ಛಾಯೆಯ ಭಾವಗೀತೆಗಳನ್ನು ತೆಗೆದುಕೊಳ್ಳಲಿ. ಅಲ್ಲಿ ಅವನು ಒತ್ತಿದ ನಿಷಾದವನ್ನು ಯಾರೂ ಪ್ರಶ್ನಿಸುವುದಿಲ್ಲ.

(ಮೈಸೂರಿನ ಕಡೆಯ ಹಿರಿಯರು ನಿಮ್ಮಲ್ಲಿದ್ದರೆ ಇದನ್ನೂ ಹೇಳಿ ನೋಡಿ. 'ಶ್ರೀವಿದ್ಯಾ' ಎಂಬ ಅಂಕಿತದಲ್ಲಿ 94 ಕೃತಿ ರಚಿಸಿದ ಜಯಚಾಮರಾಜ ಒಡೆಯರೇ ಲಂಡನ್ನಿನ ಫಿಲ್ಹಾರ್ಮೋನಿಯಾ ವೃಂದಕ್ಕೆ ಹಣದ ಬೆಂಬಲ ಕೊಟ್ಟವರು. 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಜರ್ಮನ್ ಸಂಗೀತಗಾರ ರಿಚರ್ಡ್ ಸ್ಟ್ರಾಸ್‌ನ ಕೊನೆಯ ಗೀತೆಗಳು ಮೊದಲ ಬಾರಿಗೆ ಕೇಳಿಬಂದಾಗಲೂ ಅದರ ಹಿಂದೆ ಅವರ ಹಣದ ಭರವಸೆ ಇತ್ತು.)

ಈಗ ಶ್ರುತಿಯ ಜಗಳಕ್ಕೆ ಬರೋಣ. ಕಚೇರಿಯಲ್ಲಿ ಗಂಡಸರು ಸಾಮಾನ್ಯವಾಗಿ ಒಂದರಿಂದ ಎರಡು ಮನೆಯೊಳಗೆ (ಮನೆ ಎಂದರೆ ಹಾರ್ಮೋನಿಯಂನ ಕೀಲಿ, 'ಸಿ' ಒಂದನೇ ಮನೆ) ಷಡ್ಜ ಇಟ್ಟುಕೊಳ್ಳುತ್ತಾರೆ, ಹೆಂಗಸರು ನಾಲ್ಕೂವರೆಯಿಂದ ಆರರೊಳಗೆ. ನಡುವೆ ಸುಮಾರು ಒಂದು ಪಂಚಮದಷ್ಟು ಅಂತರ. ನಿಮ್ಮಲ್ಲಿ ಇಷ್ಟು ದಿನ ನಡೆದಿರುವುದು, ಮುಖ್ಯ ಹಾಡುಗಾರ್ತಿಯ ಶ್ರುತಿಗೆ ಉಳಿದವರೆಲ್ಲ ಜೋತುಬೀಳುವುದು. ಗುಂಪಿನಲ್ಲಿ ಶ್ರುತಿ ವ್ಯಕ್ತಿಯದಲ್ಲ, ಹಾಡಿನದು. ತರಬೇತಿ ಇಲ್ಲದ ಗಂಡು ದನಿಗಳಲ್ಲಿ ಬಹುಪಾಲು ಕೆಳಗಿನ 'ಎ' ಸ್ವರದಿಂದ ಹೊರಟು ಹನ್ನೊಂದು ಮೆಟ್ಟಿಲು ಮೇಲಿನ 'ಡಿ'ವರೆಗೆ ಕಷ್ಟವಿಲ್ಲದೆ ಹೋಗಿಬರುತ್ತವೆ. ಹೆಣ್ಣು ದನಿಗಳಲ್ಲಿ ಬಹುಪಾಲು ಅದಕ್ಕೆ ಸರಿಯಾಗಿ ಒಂದು ಸ್ಥಾಯಿ ಮೇಲೆ ಅಷ್ಟೇ ದೂರ ಹೋಗುತ್ತವೆ. ಈ ಹನ್ನೊಂದು ಮೆಟ್ಟಿಲಿನೊಳಗೆ ಹಾಡು ಕೂರುವಂತೆ ಷಡ್ಜವನ್ನು ಹುಡುಕಬೇಕು. ಹಾಡು ಮಂದ್ರ ಪಂಚಮದಿಂದ ತಾರ ಷಡ್ಜದವರೆಗೆ ಇದ್ದರೆ ಎರಡು ಮನೆ, ಅಂದರೆ 'ಡಿ'. ಮಂದ್ರ ನಿಷಾದದಿಂದ ತಾರ ಗಾಂಧಾರದವರೆಗೆ ಇದ್ದರೆ ಆರೂವರೆ ಮನೆ. ಐದು ಮನೆಗೆ ಅಭ್ಯಾಸವಾದ ನಿಮ್ಮ ಹೆಂಗಸರಿಗೆ 'ಡಿ' ಎಂದಾಕ್ಷಣ ಎದೆ ಝಲ್ಲೆನ್ನಬಹುದು. ಹೆದರಬೇಡಿ ಎನ್ನಿ, ನಿಮ್ಮ ಪಂಚಮ ಇದ್ದ ಜಾಗದಲ್ಲಿ ಈಗ ಷಡ್ಜ ಇದೆ, ಅಷ್ಟೇ. ಮಂದ್ರ ಪಂಚಮದಿಂದ ತಾರ ಪಂಚಮದವರೆಗೆ ಓಡಾಡುವ ಹಾಡನ್ನು ಮಾತ್ರ ಎಲ್ಲರೂ ಎಲ್ಲ ಕಡೆ ಹಾಡುವುದು ಬೇಡ. ಮೇಲಿನ ಸಾಲು ಹೆಂಗಸರಿಗೆ, ಕೆಳಗಿನ ಸಾಲು ಗಂಡಸರಿಗೆ ಹಂಚಿ. ಹಂಚಿಕೆಯೇ ಒಂದು ಬಗೆಯ ಹೊಸತನ.

ನಾಲ್ಕು ದನಿಯ ಆಸೆಯನ್ನು ಸದ್ಯಕ್ಕೆ ಬಿಡಿ. ನಿಮ್ಮಲ್ಲಿರುವುದು ಒಂಬತ್ತು ಗಂಡಸರು. ಅವರನ್ನು ಟೆನರ್ (ಗಂಡಸರ ಮೇಲಿನ ದನಿ), ಬೇಸ್ ಎಂದು ನಾಲ್ಕು-ಐದಾಗಿ ಒಡೆದಿರಿ ಎನ್ನಿ. ಒಂದು ಭಾನುವಾರ ಎರಡು ಮದುವೆ, ಒಂದು ನೆಗಡಿ ಬಂದರೆ ಟೆನರ್ ಎಂದರೆ ಒಬ್ಬ ಮನುಷ್ಯ ಎಂದಾಗುತ್ತದೆ. ಹೆಂಗಸರಲ್ಲಿ ಎರಡು, ಗಂಡಸರದು ಒಂದು, ಮೂರು ದನಿ ಸಾಕು. ಯಾವ ಗುಂಪೂ ಐದು ಜನಕ್ಕಿಂತ ಕಡಿಮೆ ಆಗಬಾರದು, ಪ್ರತಿ ಗುಂಪಿನಲ್ಲಿ ಪಕ್ಕದವರು ತಪ್ಪಿದರೂ ತಾನು ಜಾರದ ಒಂದು ದನಿ ಇರಬೇಕು. ಅರ್ಧ ಜನ ಮುಖ್ಯ ಮಟ್ಟಿಗೆ ಜಾರಿಬಿಡುವುದಕ್ಕೆ ಮದ್ದು ಇದೊಂದೇ. ಕೆಳದನಿಯವರಿಗೆ ಅವರ ಸಾಲನ್ನು ಮೊದಲೇ, ಮುಖ್ಯ ಮಟ್ಟು ಕಲಿಯುವುದಕ್ಕೂ ಮುಂಚೆ ಕಲಿಸಿ. ನಾವು ಸಾಮಾನ್ಯವಾಗಿ ಉಲ್ಟಾ ಮಾಡುತ್ತೇವೆ.

ಕೀಬೋರ್ಡ್ ಬಗ್ಗೆಯೂ ಒಂದು ಮಾತು. ಅದರ ಗಾಂಧಾರ ತಂಬೂರಿಯಿಂದ ಹೊಮ್ಮುವ ಅಂತರ ಗಾಂಧಾರಕ್ಕಿಂತ 14 ಸೆಂಟ್‌ನಷ್ಟು ಮೇಲಿದೆ. ಒಂದು ಅರ್ಧ ಸ್ವರವನ್ನು ನೂರು ಪಾಲು ಮಾಡಿದರೆ ಅದರಲ್ಲಿ ಹದಿನಾಲ್ಕು ಪಾಲು. ಒಬ್ಬರು ಹಾಡುವಾಗ ಯಾರಿಗೂ ತಿಳಿಯದ ಈ ಅಂತರ, ಇಪ್ಪತ್ತೆಂಟು ಜನ ಸ-ಗ-ಪ ಹಿಡಿದು ನಿಂತಾಗ ಗೊತ್ತಾಗುತ್ತದೆ. ತಂಬೂರಿಗೆ ಹಾಡಿದರೆ ಆ ಮೂರು ಸ್ವರ ಬೀಗ ಬಿದ್ದಂತೆ ಕೂಡಿಕೊಂಡು, ಯಾರೂ ಹಾಡದ ಇನ್ನೊಂದು ಸ್ವರ ಮೇಲೆ ಕೇಳಿಸಿದಂತಾಗುತ್ತದೆ. ಕೀಬೋರ್ಡಿಗೆ ಹಾಡಿದರೆ ಆ ಬೀಗ ಬೀಳುವುದೇ ಇಲ್ಲ. ಆದ್ದರಿಂದ ಅಭ್ಯಾಸ ತಂಬೂರಿಯ ಜೊತೆ ನಡೆಯಲಿ, ಮೊಬೈಲಿನ ತಂಬೂರಿಯಾದರೂ ಸರಿ. ಕೀಬೋರ್ಡ್ ಮೊದಲ ಸ್ವರ ಕೊಟ್ಟು ಸುಮ್ಮನಿರಲಿ.

ಇಲ್ಲಿಯವರೆಗೆ ಹೇಳಿದ್ದು ಸ್ವರದ ಮಾತು. ಆದರೆ ನಾನು ಕೇಳಿದ ಕನ್ನಡ ಗಾಯನವೃಂದಗಳಲ್ಲಿ ಹೆಚ್ಚಿನವು ಸೋಲುವುದು ಸ್ವರದಲ್ಲಲ್ಲ, ಅಕ್ಷರದಲ್ಲಿ. ಕನ್ನಡದ ಮಾತು ಬಹುಮಟ್ಟಿಗೆ ಸ್ವರಾಕ್ಷರದಲ್ಲೇ ಮುಗಿಯುತ್ತದೆ, ಗುಂಪಾಗಿ ಹಾಡುವವರಿಗೆ ಅದು ವರ. ಆದರೆ ಎಲ್ಲರ ಬಾಯಲ್ಲೂ ಅದೇ ಸ್ವರಾಕ್ಷರ ಬರುತ್ತದೆಯೇ? 'ಎಲ್ಲ' ಎಂದು ಬರೆದದ್ದನ್ನು ಅರ್ಧ ಜನ 'ಯೆಲ್ಲ' ಎನ್ನುತ್ತಾರೆ, 'ಒಂದು' ಎನ್ನುವುದು 'ವೊಂದು' ಆಗುತ್ತದೆ. ಮಾತಿನಲ್ಲಿ ಅದು ಸಹಜ. ಹಾಡಿನ ಮೊದಲ ಅಕ್ಷರದಲ್ಲಿ ಮಾತ್ರ ಹದಿನಾಲ್ಕು ಜನ 'ಯ' ಹಿಡಿದು ಹದಿನಾಲ್ಕು ಜನ ಹಿಡಿಯದಿದ್ದರೆ ಎತ್ತುಗಡೆಯೇ ಮಸುಕಾಗುತ್ತದೆ. 'ಎಂದು', 'ಬಂದು' ಇವುಗಳ ಕೊನೆಯ 'ಉ'ವನ್ನು ಕೆಲವರು ನುಂಗುತ್ತಾರೆ, ಕೆಲವರು ತುಟಿ ಮುಂದೆ ಮಾಡಿ ಎಳೆಯುತ್ತಾರೆ. 'ಹಾಡು' ಕೆಲವರ ಬಾಯಲ್ಲಿ 'ಆಡು' ಆಗುತ್ತದೆ. ಯಾವುದು ಶುದ್ಧ ಎಂಬ ಜಗಳ ಬೇಡ. ಯಾವುದು ನಮ್ಮ ಗುಂಪಿನದು ಎಂದು ಹಾಡಿಗೊಮ್ಮೆ ತೀರ್ಮಾನಿಸಿ, ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ. ಸೋಬಾನೆ ಪದಗಳಿಗೆ ಮಾತ್ರ ಆ ಪದ ಬಂದ ಊರಿನ ಉಚ್ಚಾರವೇ ಇರಲಿ. ಅದನ್ನು ಗ್ರಂಥದ ಕನ್ನಡಕ್ಕೆ ತಿದ್ದಿದರೆ ಹಾಡು ಬಿಳಿಚಿಕೊಳ್ಳುತ್ತದೆ.

ಒತ್ತಕ್ಷರ ಇನ್ನೂ ಸೂಕ್ಷ್ಮ. 'ಅಮ್ಮ', 'ಕಣ್ಣು' ಇವುಗಳಲ್ಲಿ ಒತ್ತಿನ ಮೇಲೂ ಸ್ವರ ನಿಲ್ಲುತ್ತದೆ, ಮ್ ಮತ್ತು ಣ್ ಮೇಲೆ ಗುನುಗಬಹುದು. 'ಅಪ್ಪ', 'ಮುತ್ತು', 'ಹಕ್ಕಿ' ಇವುಗಳಲ್ಲಿ ಒತ್ತು ಬಂದ ಕ್ಷಣ ದನಿ ಪೂರ್ತಿ ಮುಚ್ಚಿಹೋಗುತ್ತದೆ. ಇಪ್ಪತ್ತೆಂಟು ಬಾಯಿ ಇಪ್ಪತ್ತೆಂಟು ಗಳಿಗೆಯಲ್ಲಿ ಮುಚ್ಚಿದರೆ ಕೇಳುವವರಿಗೆ ಪಟಪಟ ಎನ್ನುತ್ತದೆ. ತಾಳದ ಯಾವ ಎಣಿಕೆಗೆ ಮುಚ್ಚಬೇಕು ಎಂದು ಕೈಯಲ್ಲಿ ತೋರಿಸಿ. ಒಂದು ಅಭ್ಯಾಸವನ್ನು ಪೂರ್ತಿ ಇದಕ್ಕೇ ಕೊಟ್ಟರೂ ನಷ್ಟವಿಲ್ಲ. ಹಾರ್ಮೊನಿಯನ್ನೇ ಮುಟ್ಟದೆ ಇಷ್ಟು ಮಾಡಿದರೂ ನಿಮ್ಮ ಗುಂಪು ಬೇರೆಯದೇ ಆಗಿ ಕೇಳಿಸುತ್ತದೆ.

ಗಮಕದ, ಅಂದರೆ ಸ್ವರವನ್ನು ತೂಗಿ ಅಲುಗಿಸುವ ವಿಷಯ ಬೇಗ ಹೇಳಿಬಿಡುತ್ತೇನೆ. ತೋಡಿ, ಬೇಗಡೆ, ಸಹಾನದಂಥ ರಾಗಗಳನ್ನು ಗುಂಪಿನಲ್ಲಿ ಹಾಡಿಸಬೇಡಿ. ಒಬ್ಬರ ಗಂಟಲಿನಲ್ಲಿ ಜೇನಿನಂತೆ ಇಳಿಯುವ ಗಾಂಧಾರ ಇಪ್ಪತ್ತೆಂಟು ಗಂಟಲಿನಲ್ಲಿ ಗಲಾಟೆಯಾಗುತ್ತದೆ. ಆದರೆ ಅಂಥ ರಾಗಗಳನ್ನು ಬಿಟ್ಟುಕೊಡಬೇಕಾಗಿಯೂ ಇಲ್ಲ. ಎದ್ದುಹೋದ ನಿಮ್ಮ ಹಿರಿಯರಲ್ಲಿ ಚೆನ್ನಾಗಿ ಹಾಡುವವರೊಬ್ಬರು ಇದ್ದೇ ಇರುತ್ತಾರೆ. ಅವರಿಂದ ಒಂದು ಉಗಾಭೋಗ ಹಾಡಿಸಿ. ಉಗಾಭೋಗಕ್ಕೆ ತಾಳದ ಹಂಗಿಲ್ಲ. ಅವರು ತಮ್ಮ ಶ್ರುತಿಯಲ್ಲಿ, ತಮ್ಮ ನಿಧಾನದಲ್ಲಿ ಹಾಡುತ್ತಿರುವಾಗ ಉಳಿದ ಇಪ್ಪತ್ತೇಳು ಜನ ಬಾಯಿ ಮುಚ್ಚಿ ಸ ಮತ್ತು ಪ ಹಿಡಿದಿರಲಿ. ಒಬ್ಬರು ಉಸಿರು ತೆಗೆದುಕೊಳ್ಳುವಾಗ ಪಕ್ಕದವರು ತೆಗೆದುಕೊಳ್ಳದೆ, ಸರದಿಯ ಮೇಲೆ ಉಸಿರಾಡುತ್ತ ಆ ನಾದವನ್ನು ಎಲ್ಲೂ ಕಡಿಯದಂತೆ ಇಡಬೇಕು. ಮನುಷ್ಯರೇ ತಂಬೂರಿಯಾಗುವುದು. ರಾಗದ ಒಂದು ಎಳೆಯೂ ಕೆಡುವುದಿಲ್ಲ, ಆದರೂ ಶಿವಮೊಗ್ಗದಲ್ಲಿ ಇಂಥದ್ದನ್ನು ಹೆಚ್ಚು ಜನ ಕೇಳಿರಲಾರರು.

ಸೋಬಾನೆಯಲ್ಲಿ ನಿಮಗೆ ಎರಡು ದನಿ ಆಗಲೇ ಇದೆ, ನೀವು ಗಮನಿಸಿಲ್ಲ. ಮುಂದೆ ಹೇಳುವವರ ಸಾಲು ಮುಗಿಯುವ ಮೊದಲೇ ಹಿಂದಿನವರು ಅದರ ಕೊನೆಯ ಅಕ್ಷರ ಹಿಡಿದು ಹೊರಡುತ್ತಾರೆ. ಎರಡು ಗುಂಪಿನ ದನಿ ಅಲ್ಲಿ ಒಂದರ ಮೇಲೊಂದು ಕ್ಷಣಕಾಲ ಮಲಗುತ್ತದೆ. ವೇದಿಕೆಗೆ ತರುವಾಗ ನಾವು ಅದನ್ನು ನೀಟು ಮಾಡುವ ಹುಮ್ಮಸ್ಸಿನಲ್ಲಿ ಕತ್ತರಿಸಿ ಬಿಸಾಡುತ್ತೇವೆ. ದೂರದ ಎಸ್ಟೋನಿಯಾದಲ್ಲಿ ರೆಗಿಲೌಲ್ ಎಂಬ ಪ್ರಾಚೀನ ಜನಪದ ಹಾಡುಗಳಿವೆ. ಅಲ್ಲೂ ಹೀಗೆಯೇ, ಮುಂದಾಳು ಸಾಲು ಮುಗಿಸುವಾಗ ಕೊನೆಯ ಅಕ್ಷರಗಳಿಗೆ ಗುಂಪು ಸೇರಿಕೊಳ್ಳುತ್ತದೆ. 1869ರಲ್ಲಿ ಟಾರ್ಟು ನಗರದಲ್ಲಿ ಶುರುವಾದ ಹಾಡಿನ ಹಬ್ಬವನ್ನು ಇವತ್ತಿಗೂ ನಡೆಸುತ್ತಿರುವ ಜನ ಅವರು. ವೆಲ್ಯೊ ಟಾರ್ಮಿಸ್ ಎಂಬ ಸಂಗೀತಗಾರ (1930-2017) ಆ ಹಳೆಯ ಪದಗಳನ್ನು ಕಾಯರ್‌ಗೆ ತಂದಾಗ ಮಟ್ಟನ್ನು ಮುಟ್ಟಲಿಲ್ಲ. ಅದೇ ಚಿಕ್ಕ ಮಟ್ಟು ಮತ್ತೆ ಮತ್ತೆ ಬರುತ್ತಿರುತ್ತದೆ, ಅದರ ಹಿಂದಿನ ಗುಂಪಿನ ಬಣ್ಣ ಮಾತ್ರ ಬದಲಾಗುತ್ತ ಹೋಗುತ್ತದೆ. ನಿಮ್ಮ ಸೊಸೆಯವರಿಗೆ ಕೆಲಸ ಕೊಡಬೇಕಾದದ್ದು ಇಲ್ಲಿ. ಸೋಬಾನೆಯ ಮಟ್ಟು ಹಾಗೇ ಇರಲಿ. ಮೊದಲ ನುಡಿಗೆ ಏನೂ ಬೇಡ. ಎರಡನೆಯದಕ್ಕೆ ಕೆಳಗೆ ಒಂದು ಷಡ್ಜ. ಮೂರನೆಯದಕ್ಕೆ ಆ ಕೊನೆಯ ಅಕ್ಷರಗಳನ್ನು ಇನ್ನೂ ಉದ್ದಕ್ಕೆ ಎಳೆದು ಒಂದರ ಮೇಲೊಂದು ಹರಡಿಬಿಡುವುದು.

ನಮ್ಮ ದೇಶದಲ್ಲೂ ಈ ದಾರಿ ತುಳಿದವರು ಇಲ್ಲದಿಲ್ಲ. 1958ರಲ್ಲಿ ರುಮಾ ಗುಹಾ ಠಾಕುರ್ತಾ ಕಟ್ಟಿದ ಕಲ್ಕತ್ತಾ ಯೂತ್ ಕಾಯರ್ ಇದೆ. 1970ರ ದಶಕದ ಆರಂಭದಲ್ಲಿ ಎಂ.ಬಿ. ಶ್ರೀನಿವಾಸನ್ ಕಟ್ಟಿದ ಮದ್ರಾಸ್ ಯೂತ್ ಕಾಯರ್ ಭಾರತದ ಹಲವು ಭಾಷೆಗಳಲ್ಲಿ ಹಾಡಿತು. ಕನ್ನಡದಲ್ಲಿ ಪಿ. ಕಾಳಿಂಗರಾಯರು ಮೋಹನಕುಮಾರಿ, ಸೋಹನಕುಮಾರಿ ಸೋದರಿಯರೊಂದಿಗೆ ಹಾಡಿದ್ದನ್ನು ಕೇಳಿ, ಮೂರೇ ದನಿಯಲ್ಲಿ ಎಷ್ಟು ತುಂಬಿಕೊಳ್ಳುತ್ತದೆ ಎಂದು ತಿಳಿಯುತ್ತದೆ. ಮಂಗಳೂರಿನ ಮಾಂಡ್ ಸೊಭಾಣ್ ಸಂಸ್ಥೆಯವರು 2008ರ ಜನವರಿಯಲ್ಲಿ 40 ಗಂಟೆ ಬಿಡದೆ ಕೊಂಕಣಿ ಹಾಡುಗಳನ್ನು ಹಾಡಿದರು. ಒಂದು ಭಾಷೆಯ ಜನ ಹಳೆಯದು ಹೊಸದು ಎನ್ನದೆ ಗುಂಪು ಗುಂಪಾಗಿ ಬಂದು ಹಾಡಿದ ಲೆಕ್ಕ ಅದು.

ಹೊಸ ಹಾಡು ಕಟ್ಟುವ ಮಾತಿಗೆ ಬಂದರೆ ನನಗೆ ನಮ್ಮ ಚರ್ಚಿನದೇ ನೆನಪಾಗುತ್ತದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನವರು ಜರ್ಮನ್ ಮಟ್ಟುಗಳಿಗೆ ಕನ್ನಡ ಸಾಹಿತ್ಯ ಕೂಡಿಸಿದರು. ಆ ಹಾಡುಗಳನ್ನು ನಾಲ್ಕು ದನಿಯಲ್ಲಿ ಮಂಗಳೂರು, ಧಾರವಾಡ, ಹುಬ್ಬಳ್ಳಿಯ ಚರ್ಚುಗಳಲ್ಲಿ ಈಗಲೂ ಕೇಳಬಹುದು. ನನಗೆ ಅವು ತಾಯಿಯ ಜೋಗುಳದಷ್ಟು ಹತ್ತಿರ. ಆದರೂ ಹೇಳಬೇಕು, ಅವುಗಳಲ್ಲಿ ಕೆಲವು ಕಡೆ ಕನ್ನಡ ಏದುಸಿರು ಬಿಡುತ್ತದೆ. ಜರ್ಮನ್ ಮಟ್ಟು ಒತ್ತಿನ ಲೆಕ್ಕದಲ್ಲಿ ನಡೆಯುತ್ತದೆ, ಕನ್ನಡ ಮಾತ್ರೆಯ ಲೆಕ್ಕದಲ್ಲಿ. ಲಘುವಿನ ಮೇಲೆ ಉದ್ದ ಸ್ವರ ಕೂರಿಸಿದರೆ 'ಬಳೆ' ಹೋಗಿ 'ಬಾಳೆ' ಆಗುತ್ತದೆ, 'ಮರ' ಹೋಗಿ 'ಮಾರ' ಆಗುತ್ತದೆ. ಇದೇ ಮಿಷನ್ನಿನ ಕಿಟೆಲ್ ಅದನ್ನು ಅರಿತವರು. 1862ರಲ್ಲಿ 'ಕಥಾಮಾಲೆ'ಯಲ್ಲಿ ಕ್ರಿಸ್ತನ ಕಥೆಯನ್ನು ನಮ್ಮ ಛಂದಸ್ಸಿನಲ್ಲೇ ಬರೆದರು, 1875ರಲ್ಲಿ ನಾಗವರ್ಮನ ಛಂದಸ್ಸಿನ ಗ್ರಂಥವನ್ನೇ ಸಂಪಾದಿಸಿ ಅಚ್ಚು ಹಾಕಿಸಿದರು.

ಆದ್ದರಿಂದ ಹೊಸ ಹಾಡಿಗೆ ಕೂರುವಾಗ ಕೀಬೋರ್ಡಿನಿಂದ ಶುರು ಮಾಡಬೇಡಿ. ಎಂಟೇ ಸಾಲಿನ ಒಂದು ಪದ್ಯವನ್ನು ಎಲ್ಲರೂ ಗಟ್ಟಿಯಾಗಿ ಹತ್ತು ಸಲ ಓದಿ, ಲಘು-ಗುರು ಗುರುತು ಹಾಕಿ. ಓದುವಾಗ ದನಿ ತಾನಾಗಿ ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ ನೋಡಿ. ಮಟ್ಟು ಅಲ್ಲಿಂದ ಹುಟ್ಟಲಿ, ಕಾರ್ಡ್ ಕೊನೆಗೆ ಬರಲಿ. ಪದ್ಯ ನಿಮ್ಮ ಬಡಾವಣೆಯಲ್ಲೇ ಯಾರಾದರೂ ಬರೆದದ್ದಾದರೆ ಒಳ್ಳೆಯದು. ತುಂಗೆಯ ಮೇಲೆ ಹಾಡು ಬೇಕಾದಷ್ಟಿವೆ. ಬೆಳಗ್ಗೆ ಐದಕ್ಕೆ ನೀರು ಬಿಡುವವನ ಮೇಲೆ ಯಾರೂ ಬರೆದ ಹಾಗಿಲ್ಲ.

ಹೆಸರಾಂತ ಕವಿಗಳ ಪದ್ಯ ಬೇಕೆಂದರೆ ಹಕ್ಕಿನ ಲೆಕ್ಕ ಗೊತ್ತಿರಲಿ. ಕವಿ ತೀರಿಕೊಂಡ ವರ್ಷ ಮುಗಿದ ಮೇಲೆ 60 ವರ್ಷ ಹಕ್ಕು ಉಳಿಯುತ್ತದೆ. ಬೇಂದ್ರೆಯವರದು (1981) 2041ರ ಕೊನೆಯವರೆಗೆ, ಕುವೆಂಪು ಅವರದು (1994) 2054ರ ಕೊನೆಯವರೆಗೆ. ಪಂಜೆ ಮಂಗೇಶರಾಯರು (1937), ಬಿ.ಎಂ.ಶ್ರೀ (1946) ಇವರ ಪದ್ಯಗಳನ್ನು ಈಗ ಯಾರು ಬೇಕಾದರೂ ರಾಗಕ್ಕೆ ಹಾಕಬಹುದು. ಪಂಜೆಯವರ ಮಕ್ಕಳ ಪದ್ಯಗಳಂತೂ ಗುಂಪಿಗೆಂದೇ ಹೇಳಿಮಾಡಿಸಿದಂತಿವೆ. ನಿಮ್ಮಂಥ ಹವ್ಯಾಸಿ ಸಂಘ ಟಿಕೆಟ್ ಇಲ್ಲದೆ ಹಾಡಿದರೆ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ವಿನಾಯಿತಿ ಇದೆ. ಯೂಟ್ಯೂಬ್‌ಗೆ ಹಾಕುವಾಗ ಆ ವಿನಾಯಿತಿಯನ್ನು ನಂಬಿ ಕೂರಬೇಡಿ, ಕವಿಯ ಕಡೆಯವರಿಂದಲೂ ಮಟ್ಟು ಹಾಕಿದವರ ಕಡೆಯಿಂದಲೂ ಒಪ್ಪಿಗೆ ಪಡೆಯಿರಿ. ಅವೆರಡೂ ಬೇರೆ ಬೇರೆ ಹಕ್ಕು.

ರಾಜ್ಯೋತ್ಸವವಾದ್ದರಿಂದ ನಾಡಗೀತೆ ಇದ್ದೇ ಇರುತ್ತದೆ. ಅದರ ಮಟ್ಟಿನ ಮೇಲೆ ನಡೆದ ವರ್ಷಗಟ್ಟಲೆಯ ಜಗಳ ನಿಮಗೆ ಗೊತ್ತಿರಬಹುದು. 2022ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಮೈಸೂರು ಅನಂತಸ್ವಾಮಿಯವರ ಧಾಟಿಯನ್ನು, 2 ನಿಮಿಷ 30 ಸೆಕೆಂಡಿನ ಅವಧಿಯನ್ನು ಗೊತ್ತುಮಾಡಿತು. ಅದನ್ನು ಎಲ್ಲರೂ ಒಂದೇ ದನಿಯಲ್ಲಿ ಹಾಡಿ. ಅಲ್ಲಿ ಪ್ರಯೋಗ ಮಾಡಬೇಡಿ, ಸಭೆಯೂ ನಿಮ್ಮ ಜೊತೆ ಎದ್ದು ಹಾಡಬೇಕಾದ ಹಾಡು ಅದು.

ಉಳಿದ ಸಮಯಕ್ಕೆ ಐದೇ ಹಾಡು ಸಾಕು. ಮೊದಲು ಇಪ್ಪತ್ತೇಳು ಜನರ ತಂಬೂರಿಯ ಮೇಲೆ ಹಿರಿಯರ ಉಗಾಭೋಗ, ಅದು ಮುಗಿಯುತ್ತಿದ್ದಂತೆ ಚಪ್ಪಾಳೆಗೆ ಬಿಡುವು ಕೊಡದೆ ಮೋಹನದ ಆ ದಾಸರ ಪದ, ಈ ಸಲ ನಿಷಾದವಿಲ್ಲದೆ. ನಡುವೆ ಹೊಸ ಹಾಡು. ಅದನ್ನು ಕೊನೆಗೆ ಇಡಬೇಡಿ, ಕೊನೆಯ ಹೊತ್ತಿಗೆ ಗಂಟಲೂ ದಣಿದಿರುತ್ತದೆ, ಶ್ರುತಿಯೂ ಕಾಲು ಸ್ವರ ಇಳಿದಿರುತ್ತದೆ. ಆಮೇಲೆ ಶಂಕರಾಭರಣದ ಛಾಯೆಯ ಒಂದು ಭಾವಗೀತೆ, ಅದರಲ್ಲಿ ಹುಡುಗ ತನ್ನ ಕೀಬೋರ್ಡಿನಲ್ಲಿ ಏನು ಬೇಕಾದರೂ ಮಾಡಲಿ. ಸೋಬಾನೆಯಿಂದ ಮುಗಿಸಿ, ವೇದಿಕೆಯಿಂದ ಇಳಿದು ಬರುತ್ತ ಹಾಡಿದರೂ ಆದೀತು.

ಒಂದು ವಿಷಯ ಮರೆತಿದ್ದೆ. ಎದ್ದುಹೋದ ಹಿರಿಯರನ್ನು ಕರೆಯಲು ಹೋಗುವಾಗ ಆ ಹುಡುಗನನ್ನೇ ಕಳಿಸಿ. "ಮೋಹನದಲ್ಲಿ ನಾನು ನಿಷಾದ ಹಾಕಿಬಿಟ್ಟಿದ್ದೆ, ನೀವು ಕಂಡುಹಿಡಿದಿರಿ" ಎಂದು ಅವನು ಅವರ ಮನೆಯ ಜಗಲಿಯ ಮೇಲೆ ಕೂತು ಹೇಳಲಿ. ಕಾಫಿ ಬರುವಷ್ಟರಲ್ಲಿ ಮುಂದಿನ ಅಭ್ಯಾಸ ಎಷ್ಟು ಗಂಟೆಗೆ ಎಂದು ಅವರೇ ಕೇಳುತ್ತಾರೆ.